ಮನೆಗೆ ಕಳೆ ಬರಬೇಕು, ಗುಜರಿ ಅಂಗಡಿ ಆಗಬಾರದು

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡಬೇಕು. ಜಾಸ್ತಿ ಖರ್ಚಿಲ್ಲದೆ, ಮನೆಯಲ್ಲಿರುವ ಬಾಟಲಿ, ಡಬ್ಬ, ಹಳೆ ಬಟ್ಟೆ, ರಟ್ಟಿನ ಪೆಟ್ಟಿಗೆಗಳಲ್ಲೇ ಏನಾದರೂ ಮಾಡೋಣ ಅಂತ ಹೊರಟೆ. ಎಂಟು ಗಾಜಿನ ಬಾಟಲಿಗೆ ಬಣ್ಣ ಬಳಿದೆ, ತಿಂಗಳೊಳಗೆ ಅರ್ಧ ಕಿತ್ತು ಬಂತು. ಡಬ್ಬಕ್ಕೆ ಸುತ್ತಿದ ಹಗ್ಗ ಬಿಚ್ಚಿಕೊಂಡಿತು. ಉಳಿದದ್ದನ್ನೆಲ್ಲ ಜೋಡಿಸಿಟ್ಟರೆ ಮನೆಯವರು "ಇದೇನಿದು, ಗುಜರಿ ಅಂಗಡಿ ಇಟ್ಟಿದ್ದೀಯಾ?" ಅಂದರು. ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಹಚ್ಚುವುದಕ್ಕೆ ಮುಂಚಿನ ಕೆಲಸವನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ, ಅದೊಂದು. ಮಾಡಿದ್ದನ್ನೆಲ್ಲ ಒಟ್ಟಿಗೆ ಹೊರಗಿಟ್ಟಿದ್ದೀರಿ, ಅದು ಇನ್ನೊಂದು. ವಿಡಿಯೊಗಳಲ್ಲಿ ನೋಡಿರುತ್ತೀರಿ, ಬಾಟಲಿ ತೆಗೆದುಕೊಂಡರು, ಬ್ರಷ್ ಅದ್ದಿದರು, ಮುಗೀತು. ತೊಳೆಯುವುದು, ಒರೆಸುವುದು, ಒಂದು ದಿನ ಮುಟ್ಟದೆ ಬಿಡುವುದು, ಇದೆಲ್ಲ ನೋಡುವವರಿಗೆ ಬೇಜಾರು ಅಂತ ಕತ್ತರಿಸಿ ಹಾಕಿರುತ್ತಾರೆ. ಆದರೆ ಅಸಲಿ ಕೆಲಸ ಇರುವುದು ಆ ಕತ್ತರಿಸಿ ಹಾಕಿದ ಭಾಗದಲ್ಲೇ.

ಬಾಟಲಿಯಿಂದಲೇ ಶುರು ಮಾಡೋಣ. ಮರ, ರಟ್ಟು, ಕಾಗದ ಇವೆಲ್ಲ ಬಣ್ಣವನ್ನು ಸ್ವಲ್ಪ ಹೀರಿಕೊಳ್ಳುತ್ತವೆ, ಹಾಗಾಗಿ ಬಣ್ಣ ಕಚ್ಚಿಕೊಳ್ಳುತ್ತದೆ. ಗಾಜು ಹೀರುವುದಿಲ್ಲ. ಅದರ ಮೇಲೆ ಬಣ್ಣ ಸುಮ್ನೆ ಒಂದು ಪೊರೆಯ ಹಾಗೆ ಕೂತಿರುತ್ತದೆ. ಆ ಪೊರೆಗೂ ಗಾಜಿಗೂ ನಡುವೆ ಬೆರಳಿನ ಜಿಡ್ಡು ಸಿಕ್ಕಿಕೊಂಡರೆ ಉಗುರು ತಾಗಿದರೂ ಸಾಕು, ಸಿಪ್ಪೆ ಎದ್ದ ಹಾಗೆ ಏಳುತ್ತದೆ. ನಿಮ್ಮ ಬಾಟಲಿಗಳಿಗೆ ಆದದ್ದು ಇದೇ ಅಂತ ನನ್ನ ಲೆಕ್ಕ.

ಲೇಬಲ್ ತೆಗೆಯಲು ಬಾಟಲಿಯನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡಿ. ಕಾಗದ ಬಂದರೂ ಅದರ ಅಂಟು ಉಳಿದಿರುತ್ತದೆ, ಕೈಗೆ ಜಿಗುಟು ಜಿಗುಟು. ಅಡುಗೆ ಎಣ್ಣೆ, ಅಡುಗೆ ಸೋಡಾ ಎರಡನ್ನೂ ಸಮಸಮ ಕಲಸಿ ಆ ಜಾಗಕ್ಕೆ ಬಳಿದು, ಇನ್ನೊಂದು ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಅಂಟು ಪೂರ್ತಿ ಬರುತ್ತದೆ. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಆಮೇಲೆ. ಅಂಟು ಹೋಯಿತು ಅಂತ ಖುಷಿಯಲ್ಲಿ ಬಣ್ಣ ಹಚ್ಚಲು ಕೂರುತ್ತಾರೆ, ಈಗ ಬಾಟಲಿಯ ಮೇಲೆ ಎಣ್ಣೆ ಇದೆ ಅನ್ನುವುದೇ ಮರೆತಿರುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ತೊಳೆಯಿರಿ, ಪೂರ್ತಿ ಒಣಗಿಸಿ. ಆಮೇಲೆ ಹತ್ತಿಯಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಅದ್ದಿ ಇಡೀ ಬಾಟಲಿಯನ್ನು ಒರೆಸಿ, ಹತ್ತಿರ ದೀಪ, ಒಲೆ ಯಾವುದೂ ಉರಿಯುತ್ತಿರಬಾರದು. ಒರೆಸಿದ ಮೇಲೆ ಬಾಟಲಿಯ ಮೈ ಮುಟ್ಟಬೇಡಿ. ಬಾಯಿಯೊಳಗೆ ಒಂದು ಕೋಲು ತೂರಿಸಿ, ಕೋಲು ಹಿಡಿದೇ ಕೆಲಸ ಮಾಡಿ.

ಬಣ್ಣವನ್ನು ಬ್ರಷ್‌ನಲ್ಲಿ ಎಳೆದರೆ ಗಾಜಿನ ಮೇಲೆ ಗೆರೆ ಗೆರೆ ಉಳಿಯುತ್ತದೆ. ಪಾತ್ರೆ ಉಜ್ಜುವ ಸ್ಪಂಜಿನದೇ ಒಂದು ತುಂಡು ಕತ್ತರಿಸಿ ಅದರಲ್ಲಿ ಒತ್ತಿ ಒತ್ತಿ ಹಚ್ಚಿ. ಮೊದಲ ಸಲ ಹಚ್ಚಿದಾಗ ಗಾಜು ಅಲ್ಲಲ್ಲಿ ಕಾಣುತ್ತದೆ, ನೋಡಲು ಅಧ್ವಾನವಾಗಿರುತ್ತದೆ. ಇರಲಿ ಬಿಡಿ. ಅಲ್ಲೇ ಮತ್ತೆ ಮತ್ತೆ ತೇಪೆ ಹಾಕಲು ಹೋದರೆ ಕೆಳಗಿನ ಹಸಿ ಬಣ್ಣ ಸ್ಪಂಜಿಗೆ ಅಂಟಿಕೊಂಡು ಎದ್ದು ಬರುತ್ತದೆ. ಪೂರ್ತಿ ಒಣಗಲು ಬಿಟ್ಟು ಎರಡನೇ ಸಲ ಹಚ್ಚಿ, ಬೇಕಾದರೆ ಮೂರನೆಯದು. ತೆಳ್ಳಗೆ ಮೂರು ಸಲ ಹಚ್ಚಿದ್ದು ದಪ್ಪಗೆ ಒಂದು ಸಲ ಬಳಿದದ್ದಕ್ಕಿಂತ ಎಷ್ಟೋ ಗಟ್ಟಿ.

ಮಣ್ಣಿನ ಮಡಕೆಯಂಥ ಒರಟು ಮೈ ಬೇಕಾದರೆ ಅಕ್ರಿಲಿಕ್ ಬಣ್ಣಕ್ಕೆ ಅಡುಗೆ ಸೋಡಾ ಸೇರಿಸಿ. ಎರಡು ಚಮಚ ಬಣ್ಣಕ್ಕೆ ಒಂದು ಚಮಚ ಸೋಡಾದಿಂದ ಶುರು ಮಾಡಿ, ಸಾಲದಿದ್ದರೆ ಇನ್ನಷ್ಟು. ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ, ಬೇಗ ಗಟ್ಟಿಯಾಗುತ್ತದೆ. ನನಗೆ ಬಾಟಲಿ ಕೆಲಸದಲ್ಲಿ ಇಷ್ಟವಾಗುವುದು ಇದೊಂದೇ. ಗ್ಲಿಟರ್, ಮುತ್ತಿನ ಸರ, ಬಾಟಲಿ ತುಂಬ ಹೂವಿನ ಚಿತ್ರ, ಇವು ನನಗೆ ಸೇರುವುದಿಲ್ಲ. ಅದು ನನ್ನ ರುಚಿ, ನೀವು ಹಾಗೇ ಮಾಡಬೇಕು ಅಂತೇನಿಲ್ಲ.

ಇನ್ನೊಂದು ಮಾತು. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಅಕ್ರಿಲಿಕ್ ಒಂದು ಗಂಟೆಯಲ್ಲಿ ಕೈಗೆ ಒಣಗಿದಂತೆ ಅನ್ನಿಸುತ್ತದೆ. ಒಳಗೆ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಗಾಜಿಗೆಂದೇ ಬರುವ ಕೆಲವು ಬಣ್ಣಗಳ ಡಬ್ಬದ ಮೇಲೆ 21 ದಿನ ಬಿಡಿ ಎಂದೇ ಬರೆದಿರುತ್ತದೆ. ಅಲ್ಲಿಯವರೆಗೆ ನೀರು ತಾಗಿಸಬೇಡಿ, ಒಂದಕ್ಕೊಂದು ಒತ್ತಿ ಇಡಬೇಡಿ. ಗಟ್ಟಿಯಾದ ಮೇಲೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೆನೆಸಿ ತೊಳೆಯುವ ಹಾಗಿಲ್ಲ.

ಈಗ ಹಗ್ಗದ ಡಬ್ಬ. ಇದರಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಮೊದಲ ಸಲ ಮಾಡಿದಾಗ ಮೇಲಿನ ಮೂರು ಸುತ್ತು ಬಾಕಿ ಇರುವಾಗ ಹಗ್ಗ ಮುಗಿಯಿತು. ಬೇರೆ ಹಗ್ಗ ತಂದು ಸೇರಿಸಿದೆ, ಬಣ್ಣ ಬೇರೆಯಾಗಿ ಕಾಣುತ್ತಿತ್ತು, ಆ ಡಬ್ಬ ಎಷ್ಟೋ ದಿನ ಗೋಡೆ ಕಡೆ ಮುಖ ಮಾಡಿಕೊಂಡೇ ಇತ್ತು. ಆಮೇಲಿಂದ ಲೆಕ್ಕ ಹಾಕದೆ ಶುರು ಮಾಡುವುದಿಲ್ಲ. ಲೆಕ್ಕ ಸುಲಭ. ಡಬ್ಬದ ಎತ್ತರವನ್ನು ಹಗ್ಗದ ದಪ್ಪದಿಂದ ಭಾಗಿಸಿದರೆ ಎಷ್ಟು ಸುತ್ತು ಅಂತ ಗೊತ್ತಾಗುತ್ತದೆ. ಡಬ್ಬ 11 ಸೆಂಟಿಮೀಟರ್ ಎತ್ತರ, ಸೆಣಬಿನ ಹಗ್ಗ 5 ಮಿಲಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ, 22 ಸುತ್ತು. ಹಗ್ಗವನ್ನು ಡಬ್ಬಕ್ಕೆ ಒಂದು ಸಲ ಸುತ್ತಿ ಅಳೆಯಿರಿ. ಏಳೂವರೆ ಸೆಂಟಿಮೀಟರ್ ಅಗಲದ ಡಬ್ಬವಾದರೆ ಸುಮಾರು 25 ಸೆಂಟಿಮೀಟರ್ ಬರುತ್ತದೆ. 22 ಸಲ 25 ಅಂದರೆ ಐದೂವರೆ ಮೀಟರ್. ಆರು ಮೀಟರ್ ಇಟ್ಟುಕೊಂಡರೆ ನೆಮ್ಮದಿ.

ಬಿಚ್ಚಿಕೊಳ್ಳುವುದಕ್ಕೆ ಕಾರಣವೂ ಬಾಟಲಿಯದ್ದೇ. ತಗಡೂ ನುಣುಪು, ಫೆವಿಕಾಲ್ ತರಹದ ಬಿಳಿ ಗಮ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಮೊದಲು ಡಬ್ಬದ ಸುತ್ತ ಒಂದು ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಕೊನೆಯನ್ನು ಕಾಗದದ ಮೇಲೇ ಅಂಟಿಸಿಬಿಡಿ. ಈಗ ಕಾಗದ ಡಬ್ಬವನ್ನು ಅಪ್ಪಿಕೊಂಡಿರುತ್ತದೆ, ಹಗ್ಗ ಕಾಗದಕ್ಕೆ ಅಂಟುತ್ತದೆ. ಕೆಳಗಿನ ಎರಡು ಸುತ್ತು, ಮೇಲಿನ ಎರಡು ಸುತ್ತಿಗೆ ಧಾರಾಳವಾಗಿ ಗಮ್ ಹಾಕಿ, ನಡುವೆ ತೆಳುವಾದ ಗೆರೆ ಎಳೆದರೆ ಸಾಕು. ಒಂದೊಂದು ಸುತ್ತನ್ನೂ ಹೆಬ್ಬೆರಳಿನಿಂದ ಕೆಳಕ್ಕೆ ಒತ್ತುತ್ತಾ ಹೋಗಿ, ಇಲ್ಲದಿದ್ದರೆ ನಡುನಡುವೆ ತಗಡು ಇಣುಕುತ್ತದೆ. ಹಗ್ಗ ಕತ್ತರಿಸುವ ಜಾಗಕ್ಕೆ ಮೊದಲೇ ಒಂದು ತೊಟ್ಟು ಗಮ್ ಹಚ್ಚಿ ಒಣಗಿಸಿ ಆಮೇಲೆ ಕತ್ತರಿ ಹಾಕಿ, ತುದಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದಿಲ್ಲ. ಮುಚ್ಚಳ ಕತ್ತರಿಸಿದ ಅಂಚು ಚೂಪಾಗಿದ್ದರೆ ಇಕ್ಕಳದಲ್ಲಿ ಒಳಕ್ಕೆ ಮಡಚಿ, ಎಲ್ಲಕ್ಕಿಂತ ಮೊದಲು.

ಗಮ್ ವಿಷಯ ಬಂತಲ್ಲ, ಒಂದೇ ಗಮ್ ಎಲ್ಲದಕ್ಕೂ ಆಗುತ್ತದೆ ಅಂದುಕೊಂಡವರು ಬಹಳ ಜನ. ಬಿಳಿ ಗಮ್ ಮರ, ಕಾಗದ, ಬಟ್ಟೆ, ರಟ್ಟಿಗೆ ಸರಿ. ಹಾಟ್ ಗ್ಲೂ ಗನ್ ಬೇಗ ಹಿಡಿಯುತ್ತದೆ, ಆದರೆ ನುಣುಪಾದ ಗಾಜಿನ ಮೇಲಿಂದ ಒಂದು ದಿನ ಇದ್ದಕ್ಕಿದ್ದಂತೆ ಇಡೀ ತುಂಡಾಗಿ ಕಳಚಿ ಬೀಳುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಮೆತ್ತಗೂ ಆಗುತ್ತದೆ. ಥರ್ಮೋಕೋಲ್‌ಗಂತೂ ಸೂಪರ್ ಗ್ಲೂ, ಮಾಮೂಲಿ ಸ್ಪ್ರೇ ಪೇಂಟ್ ಎರಡೂ ಶತ್ರು. ಒಮ್ಮೆ ಕಷ್ಟಪಟ್ಟು ಕೊರೆದ ಥರ್ಮೋಕೋಲ್ ಫ್ರೇಮಿಗೆ ಸ್ಪ್ರೇ ಹೊಡೆದೆ, ಕಣ್ಣೆದುರೇ ಕುಳಿ ಕುಳಿಯಾಗಿ ಕರಗಿತು. ಸ್ಪ್ರೇಯಲ್ಲಿರುವ ದ್ರಾವಕ ಅದನ್ನು ತಿಂದುಬಿಡುತ್ತದೆ. ಥರ್ಮೋಕೋಲ್‌ಗೆ ನೀರಿನಲ್ಲಿ ಕರಗುವ ಬಣ್ಣವನ್ನೇ ಬಳಸಿ.

ರಟ್ಟಿನ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಗುಟ್ಟು ಮಾತ್ರ. ರಟ್ಟನ್ನು ಅಂಚಿನ ಕಡೆಯಿಂದ ನೋಡಿ, ಎರಡು ಹಾಳೆಯ ನಡುವೆ ಅಲೆ ಅಲೆಯಾಗಿ ಇನ್ನೊಂದು ಹಾಳೆ ಇರುತ್ತದೆ. ಆ ಅಲೆಗಳಿಂದ ಉದ್ದುದ್ದ ಕೊಳವೆಗಳಾಗಿರುತ್ತವೆ. ಆ ಕೊಳವೆಗಳು ನಿಂತ ಕಂಬದ ಹಾಗೆ ಮೇಲೆ ಕೆಳಗೆ ಹೋಗುವಂತೆ ಕತ್ತರಿಸಿದರೆ ಪೆಟ್ಟಿಗೆಯ ಗೋಡೆ ಭಾರ ಹೊರುತ್ತದೆ, ಅಡ್ಡ ಇಟ್ಟರೆ ಕುಸಿಯುತ್ತದೆ. ಎರಡು ರಟ್ಟನ್ನು ಒಂದರ ಕೊಳವೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ ಅಂಟಿಸಿ, ಮೇಲೆ ಪುಸ್ತಕ ಹೇರಿ ಒಂದು ರಾತ್ರಿ ಬಿಟ್ಟರೆ ಸಣ್ಣ ಹಲಗೆಯಷ್ಟು ಬಿಗಿಯಾಗುತ್ತದೆ. ಫೋಟೊ ಫ್ರೇಮಿಗೆ, ಡ್ರಾಯರ್ ಒಳಗಿನ ವಿಭಾಗಗಳಿಗೆ ಇದು ಧಾರಾಳ ಸಾಕು. ಪುಸ್ತಕದ ಕಪಾಟು ಮಾಡಲು ಮಾತ್ರ ಹೋಗಬೇಡಿ.

ಸಾಮಾನು ಸಾಗಿಸುವ ಮರದ ಪ್ಯಾಲೆಟ್ ಸಿಕ್ಕರೆ ಅದರ ಮೇಲಿನ ಮುದ್ರೆ ನೋಡಿ. ಐಎಸ್‌ಪಿಎಂ 15 ಎನ್ನುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹುಳ ಬಾರದಂತೆ ಆ ಮರಕ್ಕೆ ಶಾಖ ಕೊಟ್ಟಿದ್ದರೆ 'ಎಚ್‌ಟಿ' ಎಂದಿರುತ್ತದೆ. 'ಎಂಬಿ' ಎಂದಿದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿರುತ್ತಾರೆ, ಅದನ್ನು ಮನೆಯೊಳಗೆ ತರಲೇಬೇಡಿ. ಮುದ್ರೆಯೇ ಇಲ್ಲದ್ದು, ಎಣ್ಣೆಯ ಕಲೆ ಇರುವುದು ಕೂಡ ಬೇಡ. ಹಾಗೇ, ತೀರಾ ಹಳೆಯ ಪೇಂಟ್ ಇರುವ ಬಾಗಿಲು, ಕುರ್ಚಿಗಳನ್ನು ಒಣಗಿದ್ದಾಗ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಡಿ. ಹಿಂದಿನ ಪೇಂಟ್‌ಗಳಲ್ಲಿ ಸೀಸ ಹಾಕುತ್ತಿದ್ದರು, ಆ ಧೂಳು ಮಕ್ಕಳಿಗಂತೂ ಬಹಳ ಕೆಟ್ಟದ್ದು.

ಇನ್ನು ಗೋಡೆ. ಬಾಡಿಗೆ ಮನೆಯವರಿಗೆ ನಾನು ಖುಷಿಯಿಂದ ಹೇಳುವುದು ಬಟ್ಟೆ ಅಂಟಿಸುವ ವಿಧಾನ. ಹಳೆಯ ಬೆಡ್‌ಶೀಟ್‌ನಲ್ಲೋ ಪರದೆಯಲ್ಲೋ ಚೆಂದದ ಭಾಗ ಇದ್ದೇ ಇರುತ್ತದೆ. ಹತ್ತಿ ಬಟ್ಟೆ ತೆಳುವಾಗಿದ್ದಷ್ಟೂ ಒಳ್ಳೆಯದು. ಕಾರ್ನ್‌ಫ್ಲೋರ್ ಅನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ನೀರಿಗೆ ಸುರಿದು ಕೈಯಾಡಿಸಿ, ಬಟ್ಟೆಗೆ ಹಾಕುವ ಗಂಜಿಗಿಂತ ಸ್ವಲ್ಪ ಗಟ್ಟಿ ಬರಲಿ. ಆರಿದ ಮೇಲೆ ಗೋಡೆಗೆ ಬಳಿದು, ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಸವರುತ್ತಾ ಕೂರಿಸಿ, ಬಟ್ಟೆಯ ಮೇಲೂ ಒಂದು ಸಲ ಗಂಜಿ ಬಳಿಯಿರಿ. ಒಣಗಿದ ಮೇಲೆ ವಾಲ್‌ಪೇಪರ್‌ನ ಹಾಗೆ ನಿಲ್ಲುತ್ತದೆ. ಮನೆ ಬಿಡುವಾಗ ನೀರು ಚಿಮುಕಿಸಿ ನೆನೆಸಿ ಎಳೆದರೆ ಬಂದುಬಿಡುತ್ತದೆ, ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಎರಡು ಎಚ್ಚರ. ಬಟ್ಟೆ ಬಣ್ಣ ಬಿಡುತ್ತದಾ, ಗೋಡೆಯ ಪೇಂಟ್ ನೀರು ತಡೆಯುತ್ತದಾ ಅಂತ ಕಪಾಟಿನ ಹಿಂದೆ ಒಂದು ಗೇಣು ಜಾಗದಲ್ಲಿ ಮೊದಲು ನೋಡಿ. ಮತ್ತೆ, ಪಸೆ ಇರುವ ಗೋಡೆಗೆ ಬೇಡವೇ ಬೇಡ. ಪಸೆಯನ್ನು ಅಲಂಕಾರದಿಂದ ಮುಚ್ಚಿದರೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಅಲ್ಲಿ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು.

ಚಿತ್ರ, ಫೋಟೊ ತೂಗುಹಾಕುವುದರಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ನಾನು ಕಾಣುವ ತಪ್ಪು ಒಂದೇ, ತೀರಾ ಮೇಲೆ ಹಾಕಿರುತ್ತಾರೆ. ನೋಡಲು ಕತ್ತು ಎತ್ತಬೇಕು. ಚಿತ್ರಶಾಲೆಗಳಲ್ಲಿ ಚಿತ್ರದ ನಟ್ಟನಡು ನೆಲದಿಂದ ಸುಮಾರು 57 ರಿಂದ 60 ಇಂಚು ಎತ್ತರಕ್ಕೆ ಬರುವಂತೆ ಹಾಕುವ ರೂಢಿ ಇದೆ, ನಿಂತವರ ಕಣ್ಣಿಗೆ ಅದು ಸರಿಹೊಂದುತ್ತದೆ. ಮೊಳೆ ಎಲ್ಲಿ ಬರಬೇಕು? ಫ್ರೇಮ್ 16 ಇಂಚು ಎತ್ತರ, ಹಿಂದಿನ ದಾರವನ್ನು ಎಳೆದು ಹಿಡಿದರೆ ಮೇಲಂಚಿನಿಂದ 2 ಇಂಚು ಕೆಳಗೆ ನಿಲ್ಲುತ್ತದೆ ಅನ್ನಿ. 57ಕ್ಕೆ ಫ್ರೇಮಿನ ಅರ್ಧ 8 ಕೂಡಿಸಿ, 2 ಕಳೆಯಿರಿ. 63 ಇಂಚಿಗೆ ಮೊಳೆ. ಸೋಫಾದ ಮೇಲೆ ಹಾಕುವುದಾದರೆ ಈ ಲೆಕ್ಕ ಬಿಡಿ, ಸೋಫಾದ ಬೆನ್ನಿನಿಂದ 6 ರಿಂದ 8 ಇಂಚು ಮೇಲೆ ಫ್ರೇಮಿನ ಕೆಳ ಅಂಚು ಬಂದರೆ ಸಾಕು, ಇಲ್ಲದಿದ್ದರೆ ಅದೂ ಇದೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ.

ನಾಲ್ಕಾರು ಫ್ರೇಮ್ ಒಟ್ಟಿಗೆ ಹಾಕುವಾಗ ಒಂದೊಂದರ ಅಳತೆಗೆ ಹಳೆ ಪೇಪರ್ ಕತ್ತರಿಸಿ, ಮಾಸ್ಕಿಂಗ್ ಟೇಪ್‌ನಲ್ಲಿ ಗೋಡೆಗೆ ಅಂಟಿಸಿ ಎರಡು ದಿನ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ಕಣ್ಣು ತಾನೇ ಹೇಳುತ್ತದೆ, ಇದು ಸ್ವಲ್ಪ ಎಡಕ್ಕೆ, ಅದು ಬೇಡವೇ ಬೇಡ ಅಂತ. ಫ್ರೇಮ್‌ಗಳ ನಡುವೆ ಎಲ್ಲ ಕಡೆ ಒಂದೇ ಅಂತರ, ಎರಡು ಮೂರು ಇಂಚು, ಇದ್ದರೆ ಫ್ರೇಮ್‌ಗಳು ಬೇರೆ ಬೇರೆ ಆಗಿದ್ದರೂ ಒಂದೇ ಕುಟುಂಬದ ಹಾಗೆ ಕಾಣುತ್ತವೆ. ಮೊಳೆ ಹೊಡೆಯುವಂತಿಲ್ಲ ಅಂದಿದ್ದೀರಿ. ಅಂಟಿಸುವ ಹುಕ್ಕುಗಳು ನುಣುಪಾದ, ಗಟ್ಟಿ ಪೇಂಟ್ ಇರುವ ಗೋಡೆಗೆ ಮಾತ್ರ ನಿಲ್ಲುತ್ತವೆ. ಅಂಗೈಯಲ್ಲಿ ಸವರಿದಾಗ ಸುಣ್ಣದ ಪುಡಿ ಬಂದರೆ ಹುಕ್ಕು ಸಮೇತ ಚಿತ್ರ ಕೆಳಗೆ ಬೀಳುತ್ತದೆ. ಅಂಥ ಕಡೆ ಗೋಡೆಯ ಗೊಡವೆಯೇ ಬೇಡ, ಮೇಜಿನ ಮೇಲೋ ಕಪಾಟಿನ ಮೇಲೋ ಫ್ರೇಮ್ ಒರಗಿಸಿಡಿ. ದೊಡ್ಡದು ಹಿಂದೆ, ಸಣ್ಣದು ಸ್ವಲ್ಪ ಅದರ ಮುಂದೆ. ನಿಜ ಹೇಳಬೇಕೆಂದರೆ ತೂಗುಹಾಕಿದ್ದಕ್ಕಿಂತ ನನಗೆ ಇದೇ ಇಷ್ಟ, ಬೇಜಾರಾದಾಗ ಬದಲಾಯಿಸಬಹುದು.

ಪರದೆಗೆ ಹೊಸ ಬಟ್ಟೆ ತರುವುದಕ್ಕಿಂತ ಮೊದಲು ಈಗ ಪರದೆ ತೂಗುಹಾಕಿರುವ ಸರಳಿನ ಜಾಗ ನೋಡಿ. ಕಿಟಕಿಯ ಚೌಕಟ್ಟಿಗೆ ಅಂಟಿಕೊಂಡಂತೆ ಇದ್ದರೆ ಕಿಟಕಿ ಗಿಡ್ಡ ಕಾಣುತ್ತದೆ. ನಾಲ್ಕಾರು ಇಂಚು ಮೇಲಕ್ಕೆ, ಎರಡೂ ಕಡೆ ಆರೇಳು ಇಂಚು ಆಚೆಗೆ ಸರಿಸಿದರೆ ಪರದೆ ತೆರೆದಾಗ ಬಟ್ಟೆ ಗೋಡೆಯ ಮೇಲೆ ಕೂರುತ್ತದೆ, ಗಾಜಿನ ಬೆಳಕು ಪೂರ್ತಿ ಒಳಗೆ ಬರುತ್ತದೆ. ಇದಕ್ಕೆ ಮಾತ್ರ ಮೊಳೆ ಬೇಕು, ಮನೆ ಮಾಲೀಕರನ್ನು ಕೇಳಿಯೇ ಮಾಡಿ.

ಇವೆಲ್ಲಕ್ಕಿಂತ ಸುಲಭದ ಕೆಲಸ ಬಲ್ಬ್ ಬದಲಾಯಿಸುವುದು. ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಂಕಿ ಇರುತ್ತದೆ. 6500 ಅಂದರೆ ನೀಲಿ ಛಾಯೆಯ ಬಿಳಿ, ಕಚೇರಿಯಲ್ಲಿ ಕೂತ ಹಾಗೆ. 2700 ಅಂದರೆ ಹಳದಿ, ಸಂಜೆಗೆ ಹಿತ. ಕೂರುವ ಕೋಣೆಯಲ್ಲಿ ಮೂಲೆಗೊಂದು 2700ರ ಸಣ್ಣ ದೀಪ ಇಟ್ಟು ಸೂರಿನ ದೀಪ ಆರಿಸಿ ನೋಡಿ, ಅದೇ ಸಾಮಾನು, ಅದೇ ಗೋಡೆ, ಕೋಣೆ ಬೇರೆಯೇ ಆಗಿರುತ್ತದೆ. ದೀಪಕ್ಕೆ ಕಾಗದದ ಅಥವಾ ಬಟ್ಟೆಯ ಲ್ಯಾಂಪ್‌ಶೇಡ್ ಮಾಡುವುದಾದರೆ ಒಳಗೆ ಎಲ್‌ಇಡಿ ಮಾತ್ರ ಹಾಕಿ. ಹಳೆ ಕಾಲದ ತಂತಿ ಬಲ್ಬ್ ಕೆಂಡದಷ್ಟು ಕಾಯುತ್ತದೆ, ಕಾಗದ ಸುಡುತ್ತದೆ.

ಈಗ ಗುಜರಿ ಅಂಗಡಿಯ ಮಾತಿಗೆ ಬರುತ್ತೇನೆ. ನಿಮ್ಮ ಎಂಟೂ ಬಾಟಲಿಗೆ ಎಂಟು ಬಣ್ಣ ಹಚ್ಚಿರುತ್ತೀರಿ, ಹೌದಲ್ವಾ? ಪಕ್ಕದಲ್ಲಿ ಹಗ್ಗದ ಡಬ್ಬ, ಅದರ ಪಕ್ಕ ರಟ್ಟಿನ ಫ್ರೇಮ್. ಒಂದೊಂದೂ ನೋಡಲು ಚೆಂದವೇ ಇರಬಹುದು, ಆದರೆ ಎಲ್ಲವೂ ಒಟ್ಟಿಗೆ ಕೂಗಿದರೆ ಯಾವುದರ ಮಾತು ಕೇಳುವುದು? ಎಲ್ಲವನ್ನೂ ಎತ್ತಿ ಒಂದು ಪೆಟ್ಟಿಗೆಯಲ್ಲಿಡಿ. ಶೆಲ್ಫ್ ಖಾಲಿ ಮಾಡಿ, ಧೂಳು ಒರೆಸಿ, ಒಂದು ದಿನ ಖಾಲಿಯಾಗೇ ಬಿಡಿ. ಆಮೇಲೆ ಮೂರೇ ಮೂರು ಬಾಟಲಿ ಆರಿಸಿ, ಎತ್ತರ ಬೇರೆ ಬೇರೆ, ಬಣ್ಣ ಒಂದೇ. ಅದೂ ಕೋಣೆಯಲ್ಲಿ ಮೊದಲೇ ಇರುವ ಬಣ್ಣ, ದಿಂಬಿನ ಕವರಿನದ್ದೋ ಪರದೆಯದ್ದೋ. ಮೂರನ್ನೂ ಸಾಲಾಗಿ ನಿಲ್ಲಿಸಬೇಡಿ, ಒಂದು ಸ್ವಲ್ಪ ಮುಂದಿರಲಿ. ಅರ್ಧ ಶೆಲ್ಫ್ ಖಾಲಿ ಉಳಿಯುತ್ತದೆ, ಕೈ ತುರಿಸುತ್ತದೆ, ಆದರೂ ಏನೂ ಇಡಬೇಡಿ. ದೂರ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ನೋಡಿ. ದಿನಾ ನೋಡುವ ಕಣ್ಣಿಗೆ ಕಾಣದ ವೈರು, ಚಾರ್ಜರ್, ಓರೆಯಾದ ಫ್ರೇಮ್ ಎಲ್ಲ ಫೋಟೊದಲ್ಲಿ ಎದ್ದು ಕಾಣುತ್ತವೆ.

ಸಿಪ್ಪೆ ಎದ್ದ ಬಾಟಲಿಗಳನ್ನು ಎಸೆಯಬೇಡಿ. ಅಕ್ರಿಲಿಕ್ ಹಚ್ಚಿದ್ದರೆ ಸೋಪು ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸ್ಕ್ರಬ್ಬರ್‌ನಲ್ಲಿ ಉಜ್ಜಿದರೆ ಹಾಳೆ ಹಾಳೆಯಾಗಿ ಬಂದುಬಿಡುತ್ತದೆ. ಅದರಲ್ಲಿ ಒಂದೆರಡನ್ನು ಬಣ್ಣವಿಲ್ಲದೆ ಹಾಗೇ ಇಟ್ಟುಕೊಂಡು ಮನಿ ಪ್ಲಾಂಟ್‌ನ ಒಂದು ಕಡ್ಡಿ ನೀರಿನಲ್ಲಿ ಬಿಡಿ. ಗೆಣ್ಣು ನೀರಿನೊಳಗೆ ಇರಬೇಕು, ಬೇರು ಬರುವುದು ಅಲ್ಲಿಂದಲೇ. ವಾರಕ್ಕೊಮ್ಮೆ ನೀರು ಬದಲಾಯಿಸಿ. ನೇರ ಬಿಸಿಲು ಬಿದ್ದರೆ ಪಾರದರ್ಶಕ ಬಾಟಲಿಯೊಳಗೆ ಪಾಚಿ ಕಟ್ಟುತ್ತದೆ, ಬೆಳಕು ಇರುವ ಆದರೆ ಬಿಸಿಲು ತಾಗದ ಜಾಗದಲ್ಲಿಡಿ. ಗಿಡವನ್ನು ಹಗ್ಗದ ಡಬ್ಬದಲ್ಲಿ ಇಡುವ ಆಸೆ ಇದ್ದರೆ ಮಣ್ಣನ್ನು ನೇರವಾಗಿ ಡಬ್ಬಕ್ಕೆ ತುಂಬಬೇಡಿ. ತಗಡು ತುಕ್ಕು ಹಿಡಿಯುತ್ತದೆ, ಸೆಣಬು ಒದ್ದೆಯಾಗಿ ಕೊಳೆಯುತ್ತದೆ. ತಳಕ್ಕೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಲೋಟದಲ್ಲಿ ಗಿಡ ನೆಟ್ಟು ಅದನ್ನು ಡಬ್ಬದೊಳಗೆ ಇಳಿಸಿ. ನೀರು ಹಾಕುವಾಗ ಲೋಟ ಹೊರಗೆ ತೆಗೆದು, ನೀರು ಪೂರ್ತಿ ಸೋರಿದ ಮೇಲೆ ವಾಪಸ್ ಇಡಿ.